ಹೊಸ ಮಾನಿಟರ್‌ಗೆ ವಿಜಿಎ ಸಾಕಾ, ಡಿಜಿಟಲ್ ಕೇಬಲ್ಲೇ ಬೇಕಾ?

ಡಿಟಿಪಿ_ದಾವಣಗೆರೆ:
ಎಲ್ರಿಗೂ ನಮಸ್ಕಾರ. ನಮ್ದು ಸಣ್ಣ ಡಿಟಿಪಿ ಅಂಗಡಿ, ದಿನಾ ಲಗ್ನಪತ್ರಿಕೆ, ಕರಪತ್ರ, ನುಡಿಯಲ್ಲಿ ಟೈಪಿಂಗ್ ಇಷ್ಟೇ ಕೆಲಸ. ಹಳೇ 17 ಇಂಚಿನ ಚೌಕ ಮಾನಿಟರ್ ಕೆಟ್ಟೋಯ್ತು ಅಂತ 24 ಇಂಚಿನ ಫುಲ್ ಎಚ್‌ಡಿ ತಂದು, ಇದ್ದ ನೀಲಿ ವಿಜಿಎ ಕೇಬಲ್ಲನ್ನೇ ಹಾಕಿದೀನಿ. ಫೋಟೋ ಚೆನ್ನಾಗೇ ಕಾಣುತ್ತೆ, ಆದ್ರೆ ಅಕ್ಷರ ಮಾತ್ರ ಮಸುಕು, ಸಣ್ಣ ಸೈಜಲ್ಲಿ ‘ಕೃ’ ಯಾವ್ದು ‘ಕ್ರ’ ಯಾವ್ದು ಅಂತ ಝೂಮ್ ಮಾಡಿ ಮಾಡಿ ನೋಡ್ಬೇಕು, ಬಲಗಡೆ ತೆಳ್ಳಗೆ ನೆರಳು ಬೇರೆ. ಮಾನಿಟರಲ್ಲಿ ವಿಜಿಎ, ಎಚ್‌ಡಿಎಂಐ ಎರಡೂ ಇದೆ. ಸಿಪಿಯು ಹಿಂದೆ ವಿಜಿಎ ಮತ್ತೆ ಬಿಳಿ ಅಗಲದ್ದು ಡಿವಿಐ ಇದೆ, ಎಚ್‌ಡಿಎಂಐ ಇಲ್ಲ. ಅಂಗಡಿಯವ್ರು ಎಲ್ಲಾ ಒಂದೇ ಸರ್ ಅಂತಾರೆ, ಇನ್ನೊಬ್ರು ಗ್ರಾಫಿಕ್ಸ್ ಕಾರ್ಡ್ ಹಾಕ್ಸಿ ಅಂತಾರೆ. ಏನ್ ಮಾಡ್ಲಿ?

ಹಳೇಪಿಸಿ:
ಕಾರ್ಡ್ ಬೇಡ ಸರ್. ಒಂದು ತುದಿ ಡಿವಿಐ ಇನ್ನೊಂದು ತುದಿ ಎಚ್‌ಡಿಎಂಐ ಇರೋ ಕೇಬಲ್ ಸಿಗುತ್ತೆ, ಅದು ಸಾಕು. ಚಿತ್ರ ಹೋಗೋ ರೀತಿ ಎರಡರಲ್ಲೂ ಒಂದೇ, ಡಿಜಿಟಲ್ಲೇ, ಹಾಗಾಗಿ ಮಧ್ಯ ಕನ್ವರ್ಟರ್ ಬಾಕ್ಸ್ ಏನೂ ಬೇಕಾಗಲ್ಲ.

ವಿಜಿಎ 1987ರಲ್ಲಿ ಐಬಿಎಂ ತಂದಿದ್ದು, ಆಗ ಇದ್ದಿದ್ದು ಡಬ್ಬಾ ಮಾನಿಟರ್. ಟ್ಯೂಬಿಗೆ ಏರೋ ಇಳಿಯೋ ವೋಲ್ಟೇಜೇ (ಅನಲಾಗ್ ಅಂತೀವಲ್ಲ ಅದು) ಬೇಕಿತ್ತು, ಸರಿಹೋಯ್ತು. ಈಗಿನ ಎಲ್‌ಸಿಡಿಗೆ ಒಂದೊಂದು ಪಿಕ್ಸೆಲ್ಲಿಗೂ ಲೆಕ್ಕ ಬೇಕು, ಅಂದ್ರೆ ವಿಜಿಎ ಹಾಕಿದ್ರೆ ಸಿಪಿಯು ಡಿಜಿಟಲ್ಲನ್ನ ಅನಲಾಗ್ ಮಾಡಿ ಕಳ್ಸುತ್ತೆ, ಮಾನಿಟರ್ ಅದನ್ನ ವಾಪಸ್ ಡಿಜಿಟಲ್ ಮಾಡ್ಕೊಳ್ಳುತ್ತೆ. ಫುಲ್ ಎಚ್‌ಡಿ 60 ಹರ್ಟ್ಸ್‌ನಲ್ಲಿ ಪಿಕ್ಸೆಲ್ ಕ್ಲಾಕ್ (ಪಿಕ್ಸೆಲ್ ಕಳ್ಸೋ ವೇಗ) 148.5 ಮೆಗಾಹರ್ಟ್ಸ್, ಅಷ್ಟು ಸ್ಪೀಡಲ್ಲಿ ಯಾವ ಪಿಕ್ಸೆಲ್ ಎಲ್ಲಿ ಶುರು ಅಂತ ಮಾನಿಟರ್ರೇ ಅಂದಾಜು ಮಾಡ್ಬೇಕು. ಚೂರು ಜಾರಿದ್ರೂ ಪಕ್ಕದ ಪಿಕ್ಸೆಲ್ ಕಲಸ್ಕೊಳ್ಳುತ್ತೆ. ಫೋಟೋದಲ್ಲಿ ಅಕ್ಕಪಕ್ಕದ ಬಣ್ಣ ಹೆಚ್ಚುಕಮ್ಮಿ ಒಂದೇ ಅಲ್ವಾ, ಗೊತ್ತಾಗಲ್ಲ. ಬಿಳಿ ಮೇಲೆ ಕಪ್ಪು ಅಕ್ಷರ, ಅದ್ರಲ್ಲೂ ನಮ್ಮ ಒತ್ತಕ್ಷರದ ಸಣ್ಣ ಸುರುಳಿ, ಅಲ್ಲಿ ಸಿಕ್ಕಿಬೀಳುತ್ತೆ. ನಿಮ್ಮ ಹಳೇದು 1280×1024 ಇದ್ದಿರ್ಬೇಕು, ಅದಕ್ಕೆ 108 ಮೆಗಾಹರ್ಟ್ಸ್ ಸಾಕಿತ್ತು, ಅದೇ ಕೇಬಲ್ ತಡ್ಕೊಂಡಿತ್ತು.

ಒಂದ್ ವಿಷ್ಯ, ‘ಡಿವಿಐ ಟು ವಿಜಿಎ’ ಅಂತ ಸಣ್ಣ ಪಿನ್ ಕೊಟ್ರೆ ತಗೋಬೇಡಿ. ಅದು ಮತ್ತೆ ಅನಲಾಗೇ. ಡಿವಿಐ ಪೋರ್ಟಲ್ಲಿ ಉದ್ದ ಸೀಳಿನ ಸುತ್ತ ನಾಲ್ಕು ತೂತು ಇಲ್ದಿದ್ರೆ ಅದು ಡಿವಿಐ-ಡಿ, ಅಂದ್ರೆ ಡಿಜಿಟಲ್ ಮಾತ್ರ, ಆ ಪಿನ್ ಒಳಗೇ ಹೋಗಲ್ಲ.

ಕರಾವಳಿ_ಕೇಬಲ್:
ಅಷ್ಟು ಅವಸರ ಎಂತಕ್ಕೆ ಮಾರಾಯ್ರೆ, ಮೊದಲು ರೆಸಲ್ಯೂಶನ್ 1920×1080 ಉಂಟಾ ನೋಡಿ. ಕೆಲವು ಚೀಪ್ ವಿಜಿಎ ಕೇಬಲಲ್ಲಿ ಎಲ್ಲಾ ಪಿನ್ ಇರುವುದಿಲ್ಲ, ಯಾವ ಮಾನಿಟರ್ ಅಂತ ಕಂಪ್ಯೂಟರಿಗೆ ಗೊತ್ತಾಗದೆ 1024×768ಕ್ಕೆ ಕೂತುಬಿಡ್ತದೆ. ಆಮೇಲೆ ಅಕ್ಷರ ತುಂಬಿದ ಬಿಳಿ ಪೇಜ್ ಫುಲ್ ಸ್ಕ್ರೀನ್ ಇಟ್ಟು ಮಾನಿಟರಿನ ಆಟೋ ಬಟನ್ ಒತ್ತಿ. ಡೆಸ್ಕ್‌ಟಾಪಲ್ಲಿ ಕಪ್ಪು ವಾಲ್‌ಪೇಪರ್ ಇಟ್ಟು ಒತ್ತಿದರೆ ಅದಕ್ಕೆ ಅಂಚು ಎಲ್ಲಿ ಅಂತಲೇ ಸಿಗುವುದಿಲ್ಲ. ನೆರಳು ಬರುವುದು ಮಾತ್ರ ಹೆಚ್ಚಾಗಿ ಕೇಬಲಿಂದ, ತೆಳು ಕೇಬಲಾದರೆ ಸಿಗ್ನಲ್ ತುದಿಗೆ ಬಡಿದು ವಾಪಸ್ ಬರ್ತದೆ. ವಿಜಿಎಯನ್ನು ಸುಮ್ಮನೆ ಬೈಬೇಡಿ, ಸಭಾಂಗಣದ ಪ್ರೊಜೆಕ್ಟರಿಗೆ 15 ಮೀಟರ್ ಎಳೆದರೂ ಚಿತ್ರ ಮಂಕಾಗಿಯಾದರೂ ಬರ್ತದೆ, ಅಷ್ಟುದ್ದದ ಸಾದಾ ಎಚ್‌ಡಿಎಂಐ ನಡು ಭಾಷಣದಲ್ಲಿ ಕಪ್ಪಾದರೆ ಕಪ್ಪೇ.

ಹಳೇಪಿಸಿ:
ಪ್ರೊಜೆಕ್ಟರ್ ಮಾತು ಒಪ್ಪಿದೆ. ಆದ್ರೆ ಇವ್ರದ್ದು ಟೇಬಲ್ ಮೇಲೆ ಎರಡು ಮೀಟರ್, ಅದೂ ದಿನಪೂರ್ತಿ ಅಕ್ಷರ ನೋಡೋ ಕೆಲಸ, ಕಣ್ಣು ಯಾಕೆ ಹಾಳು ಮಾಡ್ಕೋಬೇಕು. ಚಿನ್ನದ ಲೇಪನ ಅಂತ ಮೂರು ಪಟ್ಟು ದುಡ್ಡೂ ಕೊಡ್ಬೇಡಿ. ಡಿಜಿಟಲ್ ಕೇಬಲ್ ಕೆಟ್ಟಿದ್ರೆ ಚುಕ್ಕಿ ಮಿಂಚುತ್ತೆ, ಇಲ್ಲಾ ಸ್ಕ್ರೀನ್ ಹೋಗಿ ಬರುತ್ತೆ, ಅಕ್ಷರ ಮಸುಕಾಗಲ್ಲ. ಹಾಕಿದ್ಮೇಲೆ ಅಂಚು ಕತ್ತರಿಸಿದಂಗೆ ಕಂಡ್ರೆ ಮಾನಿಟರ್ ಮೆನುವಲ್ಲಿ ಓವರ್‌ಸ್ಕ್ಯಾನ್ ಆಫ್ ಮಾಡಿ. ಕಪ್ಪು ಬೂದಿ ಬಣ್ಣಕ್ಕೆ ತಿರುಗಿದ್ರೆ ಟಿವಿ ಥರ ಬಣ್ಣದ 16ರಿಂದ 235ರ ರೇಂಜ್ ಮಾತ್ರ ಹೋಗ್ತಿದೆ ಅಂತ, ಗ್ರಾಫಿಕ್ಸ್ ಸೆಟ್ಟಿಂಗಲ್ಲಿ ಫುಲ್ ರೇಂಜ್ ಮಾಡಿ.

ಹುಬ್ಬಳ್ಳಿ_ಗೇಮರ್:
144 ಹರ್ಟ್ಸ್ ಮಾನಿಟರ್ ಇದ್ದವ್ರು ಇದನ್ನ ಓದಿ ಇದೇ ಕೇಬಲ್ ತಗೋಬ್ಯಾಡ್ರಿ. ಇಂಥ ಸಿಂಗಲ್ ಲಿಂಕ್ ಡಿವಿಐ ಪಿಕ್ಸೆಲ್ ಕ್ಲಾಕ್ 165 ಮೆಗಾಹರ್ಟ್ಸ್‌ಗೇ ನಿಲ್ತದ, ಅಂದ್ರ 1920×1200 60 ಹರ್ಟ್ಸ್ ಅಷ್ಟ. ಡಿಸ್‌ಪ್ಲೇಪೋರ್ಟ್ ಅನ್ನೋ ಇನ್ನೊಂದು ಡಿಜಿಟಲ್ ಪೋರ್ಟ್ ಇದ್ರ ಅದನ್ನ ಹಾಕ್ರಿ. ಇಂಟೆಲ್, ಎಎಂಡಿ ಕಂಪನಿಯವ್ರು 2015ರೊಳಗ ವಿಜಿಎ ಬಿಡ್ತೀವಿ ಅಂತ 2010ರಾಗ ಹೇಳಿದ್ರು, ಆಫೀಸಿನಾಗ ನೋಡಿದ್ರ ಇನ್ನೂ ಅದೇ ನೀಲಿ ಪಿನ್ನು!

ಡಿಟಿಪಿ_ದಾವಣಗೆರೆ:
ಆಟೋ ಒತ್ತಿದೆ, ಮಸುಕು ಕಮ್ಮಿ ಆಯ್ತು, ನೆರಳು ಹೋಗ್ಲಿಲ್ಲ. ಇವತ್ತು ಕೇಬಲ್ ತಂದು ಹಾಕಿದೆ, ಪರದೆ ತೊಳೆದಿಟ್ಟಂಗಿದೆ, ಥ್ಯಾಂಕ್ಸ್. ಆದ್ರೆ ಈಗ ಸ್ಪೀಕರಲ್ಲಿ ಸೌಂಡೇ ಬರ್ತಿಲ್ಲ?

ಹಳೇಪಿಸಿ:
ಕೆಲವು ಬೋರ್ಡು ಡಿವಿಐಯಲ್ಲೂ ಸೌಂಡ್ ಕಳ್ಸುತ್ತೆ, ವಿಂಡೋಸ್ ಮಾನಿಟರನ್ನೇ ಸ್ಪೀಕರ್ ಅನ್ಕೊಂಡಿರುತ್ತೆ. ಕೆಳಗಿನ ಸ್ಪೀಕರ್ ಐಕಾನ್ ಒತ್ತಿ ಮಾನಿಟರ್ ಹೆಸರು ಬಿಟ್ಟು ‘ಸ್ಪೀಕರ್ಸ್’ ಆರಿಸ್ಕೊಳ್ಳಿ.