ಅಪ್‌ಡೇಟ್: ಹಳೇ ಮರದ ನೆಲದ ಹೊಳಪು ಕೊನೆಗೂ ಹೋಯಿತು

ಹಳೇ ಹಲಗೆ ನೆಲದ ಮೇಲಿನ ಹಳದಿಗಟ್ಟಿದ ವಾರ್ನಿಷ್ ತೆಗೆದು, ಬರೀ ಮರದ ಹಾಗೇ ಕಾಣಿಸುವುದು ಹೇಗೆ ಅಂತ ಕೇಳಿದ್ದೆ. ಕೆಲಸ ಮುಗಿಯಿತು. ಸಲಹೆ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಕೈಹಿಡಿದದ್ದು ವಾಟರ್ ಬೇಸ್ಡ್ ಮ್ಯಾಟ್ ಪಾಲಿಯುರೆಥೇನ್, ಅಂದರೆ ನೀರು ಆಧಾರಿತ, ಹೊಳಪಿಲ್ಲದ ವಾರ್ನಿಷ್. ಮೊದಲು ಮೇಲೆದ್ದಿದ್ದ ಮೊಳೆಗಳನ್ನೆಲ್ಲ ಒಳಕ್ಕೆ ಬಡಿದೆ, ಇಲ್ಲದಿದ್ದರೆ ಸ್ಯಾಂಡ್‌ಪೇಪರ್ ಹರಿದುಹೋಗುತ್ತದೆ. ಆಮೇಲೆ 40, 80, 120 ನಂಬರಿನ ಸ್ಯಾಂಡ್‌ಪೇಪರ್‌ಗಳಿಂದ, ಅಂದರೆ ಒರಟಿನಿಂದ ನಯದ ಕಡೆಗೆ, ಇದೇ ಕ್ರಮದಲ್ಲಿ ಉಜ್ಜಿದೆ.

ಇದರ ಬದಲು ಅಗಸೆ ಎಣ್ಣೆ ಹಚ್ಚುವುದು ನನಗೆ ಸರಿಹೋಗಲಿಲ್ಲ. ಮೂಲೆಯಲ್ಲಿ ಒಂದು ಹಲಗೆಗೆ ಹಚ್ಚಿ ನೋಡಿದೆ, ಮತ್ತೆ ಅದೇ ಹಳದಿ ಛಾಯೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಸುಮ್ನೆ ಬಿಸಾಡಬೇಡಿ. ಅದಕ್ಕೆ ತಾನಾಗೇ ಬೆಂಕಿ ಹತ್ತಿಕೊಳ್ಳಬಹುದು. ಹೊರಗಡೆ ಬಿಡಿಸಿ ಹರಡಿ ಒಣಗಿಸಿ.

ನನಗೆ ಗೊತ್ತೇ ಇರದ ಸಂಗತಿ ಇನ್ನೊಂದಿದೆ. ಮ್ಯಾಟ್ ಪಾಲಿಯುರೆಥೇನ್‌ನಲ್ಲಿ ಹೊಳಪು ಕಡಿಮೆ ಮಾಡುವ ಪುಡಿ ಡಬ್ಬದ ತಳದಲ್ಲಿ ಕೂತಿರುತ್ತದೆ. ನಾನು ಕಲಕದೇ ಹಚ್ಚಿದ ಮೊದಲ ಕೋಟ್ ಅಲ್ಲಲ್ಲಿ ಫಳಫಳ ಅನ್ನುತ್ತಿತ್ತು! ಆಮೇಲೆ ಕೋಲು ಹಾಕಿ ತಳದಿಂದ ನಿಧಾನವಾಗಿ ಕಲಕಿದೆ. ಜೋರಾಗಿ ಅಲ್ಲಾಡಿಸಿದರೆ ಗುಳ್ಳೆ ಬರುತ್ತದೆ.

ಮೊದಲ ಕೋಟ್ ಒಣಗಿದಾಗ ಅಂಗೈ ಆಡಿಸಿದರೆ ಗಡ್ಡ ಚುಚ್ಚಿದ ಹಾಗೆ ಒರಟು. ನೀರಿಗೆ ಮರದ ನಾರು ಏಳುತ್ತದೆ, ಅಷ್ಟೇ. 220 ನಂಬರಿನಲ್ಲಿ ಹಗುರವಾಗಿ ಉಜ್ಜಿ, ಧೂಳು ಒರೆಸಿ, ಇನ್ನೆರಡು ಕೋಟ್ ಕೊಟ್ಟೆ. ಈಗ ಕಿಟಕಿಯ ಬೆಳಕು ಬಿದ್ದರೂ ಮಿಂಚುವುದಿಲ್ಲ, ಮರದ ಗೆರೆಗಳಷ್ಟೇ ಕಾಣುತ್ತವೆ.