ಕುತ್ತಿಗೆ ಎಂಆರ್‌ಐ ಮಾಡಿಸಿದವರು ಅನುಭವ ಹೇಳ್ತೀರಾ?

ಶಿರಸಿ ಹುಡುಗಿ: ಬಲಗೈ ಹೆಬ್ಬೆರಳು, ತೋರುಬೆರಳು ಎರಡು ತಿಂಗಳಿಂದ ಜೋಮು. ಡಾಕ್ಟರು ಸರ್ವೈಕಲ್ ಸ್ಪೈನ್ ಎಂಆರ್‌ಐ ಬರೆದಿದ್ದಾರೆ. ನನಗೆ ಲಿಫ್ಟ್‌ನಲ್ಲೇ ಉಸಿರು ಕಟ್ಟುತ್ತದೆ, ಆ ಸುರಂಗದಂಥ ಮೆಷಿನ್ ಒಳಗೆ ಹೇಗೋ. ಮೆಷಿನ್ನಿನ ಅಯಸ್ಕಾಂತದ ಶಕ್ತಿ 1.5 ಟೆಸ್ಲಾ ಇದ್ದರೆ ಸಾಕಾ?

ಹಾಸನದ ಅತ್ತೆ: ನಂದು ಕೇಳಮ್ಮ. ಫೋನಲ್ಲಿ 6,500 ಅಂದರು. ಹೋದ ಮೇಲೆ ಇಡೀ ಬೆನ್ನಿನ ಸ್ಕ್ರೀನಿಂಗ್ ಅಂತ ಇನ್ನೂ 1,500. ಹೋಗಿ ಬರೋ ಆಟೋ 340. ತಾಳಿ, ಹೇರ್‌ಪಿನ್ ಬಿಚ್ಚಿಟ್ಟೆ. ಕಾಲುಂಗುರ ಮಾತ್ರ ಬರಲೇ ಇಲ್ಲ, ಸೋಪು ಹಚ್ಚಿ ಎಳೆದೆ. ಮುಖದ ಮೇಲೆ ಪಂಜರದ ಹಾಗೆ, ಚಿತ್ರಕ್ಕೆ ಸಿಗ್ನಲ್ ಹಿಡಿಯೋ ಕಾಯಿಲ್ ಇಟ್ಟು, ಉಗುಳು ನುಂಗಬೇಡಿ ಅಂದರು. ಅಂದಿದ್ದೇ ತಡ, ಬಾಯಿ ತುಂಬಿತು. ನುಂಗಿದೆ. ಚಿತ್ರ ಮಸುಕಾಯಿತು ಅಂತ ಮತ್ತೆ ತೆಗೆದರು. 25 ನಿಮಿಷದ್ದು 40 ಆಯಿತು.

ಐಟಿ ಅಣ್ಣ: 3 ಟೆಸ್ಲಾನೇ ಮಾಡಿಸಿ. 11,000 ಕೊಟ್ಟೆ, ಬೇಜಾರಿಲ್ಲ. ಸಣ್ಣ ನರವೂ ಕಾಣುತ್ತದೆ.

ದಾವಣಗೆರೆ ಮಾವ: ದುಡ್ಡಿದ್ದವರ ಮಾತು. ಕುತ್ತಿಗೆಗೆ 1.5 ಧಾರಾಳ ಸಾಕು. ನನ್ನ ಕುತ್ತಿಗೆಯಲ್ಲಿ ಪ್ಲೇಟು, ಸ್ಕ್ರೂ ಇವೆ. 3 ಟೆಸ್ಲಾದಲ್ಲಿ ಲೋಹದ ಸುತ್ತ ಕಪ್ಪು ನೆರಳು ಜಾಸ್ತಿ ಅಂತ ಡಾಕ್ಟರೇ ಬೇಡ ಅಂದರು.

ಐಟಿ ಅಣ್ಣ: ಪ್ರಶ್ನೆ ಕೇಳಿದ ಹುಡುಗಿಗೆ ಸ್ಕ್ರೂ ಇದೆ ಅಂತ ಯಾರು ಹೇಳಿದರು ಸಾರ್?

ರಿಟೈರ್ಡ್ ಮೇಷ್ಟ್ರು: ನನ್ನ ರಿಪೋರ್ಟಲ್ಲಿ ಸಿ5-ಸಿ6, ಅಂದರೆ ಕುತ್ತಿಗೆಯ ಐದನೇ, ಆರನೇ ಮೂಳೆ ನಡುವಿನ ಡಿಸ್ಕ್ ಉಬ್ಬಿದೆ ಅಂತ ಬಂತು. ರಾತ್ರಿಯಿಡೀ ನಿದ್ದೆಯಿಲ್ಲ. ಮರುದಿನ ಡಾಕ್ಟರು, ನೋವೇ ಇಲ್ಲದವರಿಗೂ ಈ ವಯಸ್ಸಲ್ಲಿ ಇದು ಇರುತ್ತದೆ ಅಂದರು. ಹಾಗಾದರೆ 7,200 ಕೊಟ್ಟಿದ್ದು ಯಾಕೆ? ಅಡ್ಮಿಟ್ ಆಗಿರಲಿಲ್ಲ ಅಂತ ಇನ್ಶೂರೆನ್ಸ್‌ನವರು ಒಂದು ಪೈಸೆ ಕೊಡಲಿಲ್ಲ. ಮೂರು ಸಲ ಪತ್ರ ಬರೆದೆ.

ಗದಗದವ: ನಾನು ಸ್ಕ್ಯಾನಿಗೇ ಹೋಗಲಿಲ್ಲ. ಕಟಿಂಗ್ ಶಾಪಲ್ಲಿ ಕುತ್ತಿಗೆ ಲಟಿಕೆ ತೆಗೆಸಿದೆ. 50 ರೂಪಾಯಿ. ಆರಾಮ.

ದಾವಣಗೆರೆ ಮಾವ: ರೀ, ಇಂಥದ್ದು ಬರೀಬೇಡಿ! ಕುತ್ತಿಗೆ ತಿರುಚಿ ಮಿದುಳಿಗೆ ಹೋಗೋ ರಕ್ತನಾಳ ಹರಿದರೆ ಲಕ್ವ ಹೊಡೆಯುತ್ತದೆ.

ಗದಗದವ: ನಿಮ್ಮ ಸ್ಕ್ರೂಗಿಂತ ನನ್ನ ಲಟಿಕೆ ವಾಸಿ.

ಶಿರಸಿ ಹುಡುಗಿ: ಲಿಫ್ಟ್ ಭಯದ ಬಗ್ಗೆ ಯಾರಾದರೂ?

ಹಾಸನದ ಅತ್ತೆ: ಒಳಗೆ ಹೋಗೋ ಮುಂಚೆಯೇ ಕಣ್ಣಿಗೆ ಬಟ್ಟೆ ಹಾಕಿಸಿಕೊ. ಕೈಗೆ ರಬ್ಬರ್ ಬುಗ್ಗೆ ಕೊಡುತ್ತಾರೆ, ಒತ್ತಿದರೆ ಹೊರಗೆ ತೆಗೆಯುತ್ತಾರೆ. ತುಂಬಾ ಭಯ ಅಂತ ಮೊದಲೇ ಹೇಳಿದರೆ ಡಾಕ್ಟರು ಮಾತ್ರೆಯನ್ನೂ ಬರೆಯುತ್ತಾರೆ. ಕಾಲುಂಗುರ ಮನೆಯಲ್ಲೇ ಬಿಚ್ಚಿಡು.

ಐಟಿ ಅಣ್ಣ: ಒಳಗಿನ ಸುರಂಗ 70 ಸೆಂಟಿಮೀಟರ್ ಅಗಲ ಇರೋ ಮೆಷಿನ್ ಇದೆಯಾ ಕೇಳಿ. ಹಳೆಯವು ಹೆಚ್ಚಾಗಿ 60.

ದಾವಣಗೆರೆ ಮಾವ: ಅದಕ್ಕೂ 11,000 ಏನಪ್ಪಾ?

ಗದಗದವ: 50 ರೂಪಾಯಿ ಮಾವ, 50.