ಪಕ್ಕದ ಮನೆಯವರ 60ನೇ ಹುಟ್ಟುಹಬ್ಬಕ್ಕೆ ಜಪಾನೀ ಶೈಲಿಯ ಕಾರ್ಡ್: ಏನು ಹಾಕಬಹುದು, ಏನು ಬೇಡ?

ನಾಗೋಯಾ_ಅಮ್ಮ
ನಾವಿರೋದು ನಾಗೋಯಾದಲ್ಲಿ. ಪಕ್ಕದ ಮನೆಯಾಕೆಗೆ ಮುಂದಿನ ತಿಂಗಳು 60 ತುಂಬುತ್ತದೆ. ಕಸ ಯಾವ ದಿನ ಯಾವ ಚೀಲದಲ್ಲಿ ಹಾಕಬೇಕು ಅನ್ನೋದರಿಂದ ಹಿಡಿದು ಎಲ್ಲಾ ಹೇಳಿಕೊಟ್ಟವರು ಅವರೇ. ಅದಕ್ಕೇ ಕಾರ್ಡ್ ಕೈಯಲ್ಲೇ ಮಾಡೋಣ ಅಂತಿದ್ದೇನೆ. ಕಾಗದದಲ್ಲಿ ಸಾವಿರ ಕೊಕ್ಕರೆ ಮಡಚೋಣ ಅಂತ ಮಗಳ ಹಟ. ನನಗೆ ದರುಮ ಗೊಂಬೆ ಇಷ್ಟ, ಕಣ್ಣು ಖಾಲಿ ಬಿಟ್ಟಿರೋ ಆ ದುಂಡನೆ ಕೆಂಪು ಗೊಂಬೆ. 2026 ಕುದುರೆ ವರ್ಷ ಅಂತ ಅಂಗಡಿ ತುಂಬಾ ಕುದುರೆ ಸ್ಟಿಕರ್ ಬೇರೆ ಇವೆ, ಮುದ್ದಾಗಿವೆ, ಅಂಟಿಸಬಹುದಾ? ಅಪಶಕುನ ಆಗೋದು ಏನಾದ್ರೂ ಇದ್ರೆ ಈಗಲೇ ಹೇಳಿ.

ಕಾಫಿಪುಡಿ
ಕುದುರೆ ಬೇಡ್ವೇ ಬೇಡ! ಈ ವರ್ಷ 60 ಅಂದ್ರೆ ಹುಟ್ಟಿದ್ದು 1966, ‘ಹಿನೋಎ ಉಮ’, ಅಂದ್ರೆ ಬೆಂಕಿ ಕುದುರೆ ವರ್ಷ. ಆ ವರ್ಷ ಹುಟ್ಟಿದ ಹೆಣ್ಣು ಗಂಡನಿಗೆ ಆಗಿಬರಲ್ಲ ಅಂತ ಹಳೇ ನಂಬಿಕೆ. ನಮ್ಮಲ್ಲಿ ಮೂಲಾ ನಕ್ಷತ್ರದ ಹುಡುಗಿ ಮಾವನಿಗೆ ಆಗಲ್ಲ ಅಂತಾರಲ್ಲ, ಅದೇ ಥರದ್ದು. ಎಷ್ಟು ಜನ ಹೆದರಿದ್ರು ಅಂದ್ರೆ 1965ರಲ್ಲಿ 18 ಲಕ್ಷ ದಾಟಿದ್ದ ಹೆರಿಗೆ 1966ರಲ್ಲಿ 13.6 ಲಕ್ಷಕ್ಕೆ ಇಳಿಯಿತು. ನಿಮ್ಮ ಪಕ್ಕದ ಮನೆಯವರು ಈ ಮಾತು ಕೇಳಿಕೊಂಡೇ ಬೆಳೆದಿರಬಹುದು. ಅವರೇ ಹೇಳಿಕೊಂಡು ನಕ್ಕರೆ ಬೇರೆ, ನಾವು ಕಾರ್ಡಿನ ಮೇಲೆ ಅಂಟಿಸಿ ಕೊಡೋದು ಬೇರೆ ಅಲ್ವಾ?

ಶರಾವತಿ_ದಂಡೆ
ಮೇಲಿನ ಮಾತಿಗೆ ನನ್ನದೂ ಒಂದು ಓಟು. ಅಲ್ಲಿ 60ಕ್ಕೆ ‘ಕಾನ್ರೆಕಿ’ ಅಂತಾರೆ. ಸುತ್ತು ಮುಗಿದು ಹುಟ್ಟಿದ ವರ್ಷವೇ ಮತ್ತೆ ಬಂತು ಅಂತ ಲೆಕ್ಕ, ನಮ್ಮ ಸಂವತ್ಸರ ಸುತ್ತಿ ಬಂದು ಷಷ್ಟಿಪೂರ್ತಿ ಮಾಡ್ತೀವಲ್ಲ ಹಾಗೇ. ಮತ್ತೆ ಮಗುವಾದ ಹಾಗೆ ಅಂತ ಕೆಂಪು ಟೋಪಿ, ತೋಳಿಲ್ಲದ ಕೆಂಪು ಅಂಗಿ ತೊಡಿಸುತ್ತಾರೆ. ಕಾರ್ಡ್ ಕೆಂಪಿರಲಿ, ಆದರೆ ಅವರ ಹೆಸರು ಮಾತ್ರ ಕೆಂಪು ಶಾಯಿಯಲ್ಲಿ ಬರೀಬೇಡಿ. ಬ್ರಶ್ ಪೆನ್ ತಗೊಳ್ಳುವಾಗಲೂ ನೋಡಿಕೊಳ್ಳಿ, ಪಕ್ಕದಲ್ಲೇ ಬೂದು ಶಾಯಿಯದ್ದು ಇಟ್ಟಿರುತ್ತಾರೆ, ಅದು ಸಾವಿನ ಮನೆಗೆ ದುಡ್ಡು ಕೊಡುವ ಲಕೋಟೆಗೆ. ಕಡುಕಪ್ಪೇ ಬೇಕು.

ಸಾವಿರ ಕೊಕ್ಕರೆ ಹೆಚ್ಚಾಗಿ ಕಾಯಿಲೆ ಬಿದ್ದವರಿಗೆ ಕೊಡೋದು, ಇಲ್ಲಾ ಹಿರೋಷಿಮಾ ಸ್ಮಾರಕಕ್ಕೆ ಕಳಿಸೋದು. ಒಂದು ಕೊಕ್ಕರೆ, ಒಂದು ಆಮೆ ಸಾಕು. ಕೊಕ್ಕರೆಗೆ ಸಾವಿರ ವರ್ಷ, ಆಮೆಗೆ ಹತ್ತು ಸಾವಿರ ವರ್ಷ ಆಯಸ್ಸು ಅಂತಾರೆ ಅಲ್ಲಿ. 7.5 ಸೆಂ.ಮೀ. ಕಾಗದದಲ್ಲಿ ಮಡಚಿ, ರೆಕ್ಕೆ ಬಿಡಿಸದೆ ಚಪ್ಪಟೆಯಾಗೇ ಅಂಟಿಸಿ, ಲಕೋಟೆ ಉಬ್ಬಲ್ಲ.

ದಾರದುಂಡೆ
ಮಿಜುಹಿಕಿ ಬಿಟ್ಟೇಬಿಟ್ರಲ್ಲ! ಕಾಗದ ಹೊಸೆದು ಅಂಟು ಹಾಕಿ ಗಡಸು ಮಾಡಿದ ದಾರ, ನೂರು ಯೆನ್ ಅಂಗಡಿಯಲ್ಲಿ ಸಿಗುತ್ತದೆ. ಐದು ಎಳೆ ತಗೊಳ್ಳಿ, ಬಿಳಿ ಎಡಕ್ಕೆ, ಕೆಂಪು ಬಲಕ್ಕೆ. ಹುಟ್ಟುಹಬ್ಬಕ್ಕೆ ಚಿಟ್ಟೆ ಗಂಟು, ಎಳೆದರೆ ಬಿಚ್ಚಬೇಕು, ಮತ್ತೆ ಕಟ್ಟೋ ಹಾಗಿರಬೇಕು, ಯಾಕಂದ್ರೆ ಇಂಥ ದಿನ ಮತ್ತೆ ಮತ್ತೆ ಬರಲಿ ಅಂತ. ಬಿಚ್ಚದ ಗಂಟು ಮದುವೆಗೆ (ಅದು ಎರಡನೇ ಸಲ ಬರೋದು ಬೇಡ ನೋಡಿ). ದಾರವನ್ನು ನೇರವಾಗಿ ಮಡಚಿದರೆ ಮುರುಕು ಬಿದ್ದು ಒಳಗಿನ ಕಾಗದ ಕಾಣುತ್ತದೆ. ಮೊದಲು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ನಿಧಾನವಾಗಿ ಎಳೆಯಿರಿ, ತಾನಾಗೇ ಬಾಗುತ್ತದೆ. ಲಕೋಟೆ ನೀವೇ ಮಡಚುವುದಾದರೆ ಹಿಂದೆ ಕೆಳಗಿನ ಮಡಿಕೆ ಮೇಲಿನದ್ದರ ಮೇಲೆ ಬರಲಿ. ತಿರುಗಿದರೆ ಅದೂ ಸಾವಿನ ಮನೆ ಲೆಕ್ಕಕ್ಕೇ ಹೋಗುತ್ತದೆ.

ನಾಗೋಯಾ_ಅಮ್ಮ
ಕುದುರೆ ಕ್ಯಾನ್ಸಲ್! ಮಗಳು ಒಂದೇ ಕೊಕ್ಕರೆಗೆ ಒಪ್ಪಿದ್ದಾಳೆ, ಮುಖ ಊದಿಸಿಕೊಂಡು. ದರುಮ ಏನಾಯ್ತು? ಕಣ್ಣು ನಾನೇ ಬರೀಲಾ?

ಶರಾವತಿ_ದಂಡೆ
ದರುಮ ಧಾರಾಳವಾಗಿ ಹಾಕಿ, ಅದೂ ಕೆಂಪೇ ತಾನೇ. ದರುಮ ಅಂದ್ರೆ ಬೌದ್ಧ ಗುರು ಬೋಧಿಧರ್ಮನೇ, ಅವನು ನಮ್ಮ ದಕ್ಷಿಣದ ಕಡೆಯವನು ಅಂತ ಪ್ರತೀತಿ ಇದೆ, ನೀವು ಕೊಟ್ಟರೆ ಇನ್ನೂ ಚೆಂದ. ಕಣ್ಣು ಮಾತ್ರ ಎರಡೂ ಖಾಲಿ ಬಿಡಿ. ಏನಾದರೂ ಮನಸ್ಸಿನಲ್ಲಿ ಅಂದುಕೊಂಡಾಗ ಒಂದು ಕಣ್ಣು, ಅದು ನೆರವೇರಿದ ಮೇಲೆ ಇನ್ನೊಂದು. ಅಂದುಕೊಳ್ಳಬೇಕಾದವರು ಅವರು, ನೀವಲ್ಲ. ಮೊದಲು ತುಂಬೋದು ಗೊಂಬೆಯ ಎಡಗಣ್ಣು, ಅಂದ್ರೆ ನೋಡೋರಿಗೆ ಬಲಕ್ಕಿರೋದು. ಅವರಿಗೆ ಅದೆಲ್ಲ ಗೊತ್ತೇ ಇರುತ್ತದೆ, ಮಗಳು ಪೆನ್ ಹಿಡಿದು ಕೂರದ ಹಾಗೆ ನೋಡಿಕೊಳ್ಳಿ ಅಷ್ಟೇ.